ನೂರತೊಂಬತ್ತನಾಲ್ಕು ಅಂಕಿ ಸಲೀಸು, ಇಪ್ಪತ್ತೊಂದು ಅಂಕಿ ಕಷ್ಟ

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಎಷ್ಟು ಮೆಟ್ಟಿಲು ಅಂತ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಆರುನೂರರ ಮೇಲೆ ಅನ್ನುವುದರಲ್ಲಿ ಮಾತ್ರ ತಕರಾರಿಲ್ಲ. ಕಳೆದ ಚಳಿಗಾಲದಲ್ಲಿ ಹಾಸನದಿಂದ ತಮ್ಮನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ. ಇಬ್ಬರೂ ಬರಿಗಾಲಲ್ಲಿ, ಮನಸ್ಸಿನಲ್ಲೇ ಎಣಿಸುತ್ತಾ ಹತ್ತಿದೆವು. ಮೇಲೆ ಮುಟ್ಟಿದಾಗ ಅವಳದು 647, ನನ್ನದು 649. ಉಸಿರು ಹಿಡಿಯಲು ನಿಂತ ಕಡೆಯೆಲ್ಲೋ ಯಾರಿಗೋ ಲೆಕ್ಕ ತಪ್ಪಿದೆ. ಅವಳು ಮೊಬೈಲು ತೆಗೆದು ಏನೇನೋ ಭಾಗಿಸಿ ನೋಡಿ, "ನಿಮ್ಮದೇ ಸರಿ ಅಂದುಕೊಳ್ಳೋಣ ದೊಡ್ಡಪ್ಪ" ಅಂದಳು. "649 ಆದರೆ 59 ಮೆಟ್ಟಿಲಿಗೊಂದು ಸಲ ಕೂತು ಹನ್ನೊಂದು ಕಂತಿನಲ್ಲಿ ಹತ್ತಬಹುದು. 647ಕ್ಕೆ ಸಮ ಕಂತೇ ಬರಲ್ಲ."

ಗೊಮ್ಮಟನ ಎತ್ತರದ್ದೂ ಇದೇ ಪಾಡು. 57 ಅಡಿ ಅನ್ನುವವರಿದ್ದಾರೆ, 58 ಅನ್ನುವವರಿದ್ದಾರೆ. ನನ್ನಂಥ ಸಂಖ್ಯೆಯ ಹುಚ್ಚಿನವರಿಗೆ ಎರಡೂ ಒಂದೇ ಜಾತಿ: 57 ಅಂದರೆ 3 × 19, 58 ಅಂದರೆ 2 × 29. (57 ಒಡೆಯುವುದಿಲ್ಲ ಅಂತ ನಿಮಗೂ ಒಂದು ಕ್ಷಣ ಅನ್ನಿಸಿದ್ದರೆ ನಾಚಿಕೆ ಬೇಡ. ಕಳೆದ ಶತಮಾನದ ಮಹಾ ಗಣಿತಜ್ಞ ಅಲೆಕ್ಸಾಂಡರ್ ಗ್ರೋಥೆಂಡಿಕ್ ಅವರೇ ಒಮ್ಮೆ ಅವಿಭಾಜ್ಯ ಸಂಖ್ಯೆಗೆ ಉದಾಹರಣೆಯಾಗಿ 57 ಅಂದುಬಿಟ್ಟರಂತೆ.)

ಹೀಗೆ ಸಮ ಕಂತು ಮಾಡಬಹುದಾದ ಸಂಖ್ಯೆಯೇ ಸಂಯುಕ್ತ ಸಂಖ್ಯೆ. ಸಕಲೇಶಪುರದ ಕಡೆ ಕಾಫಿ ನರ್ಸರಿಯಲ್ಲಿ ಸಸಿಯ ಚೀಲ ಜೋಡಿಸುವುದನ್ನು ನೋಡಿದವರಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. 91 ಚೀಲ ಇದ್ದರೆ ಸಾಲಿಗೆ 13ರಂತೆ 7 ಸಾಲು, ನಾಲ್ಕೂ ಮೂಲೆ ನೆಟ್ಟಗೆ ಕೂರುತ್ತದೆ. 97 ಇದ್ದರೆ ಹೇಗೆ ಜೋಡಿಸಿದರೂ ಮೂಲೆಯಲ್ಲಿ ಒಂದೋ ಕೊರತೆ, ಒಂದೋ ಹೆಚ್ಚುವರಿ; ಒಂದೇ ಉದ್ದ ಸಾಲು ಮಾಡಿದರೆ ಮಾತ್ರ ಸರಿ. 97 ಅವಿಭಾಜ್ಯ. ಯಾವ ಸಂಯುಕ್ತ ಸಂಖ್ಯೆಯನ್ನು ತೆಗೆದುಕೊಂಡು ಒಡೆಯುತ್ತಾ ಹೋದರೂ ಕೊನೆಗೆ ಉಳಿಯುವ ಅವಿಭಾಜ್ಯಗಳ ಪಟ್ಟಿ ಒಂದೇ, ಯಾವ ದಾರಿಯಲ್ಲಿ ಒಡೆದರೂ ಬದಲಾಗುವುದಿಲ್ಲ. ಹತ್ತನೇ ಕ್ಲಾಸಿನ ಪಾಠದಲ್ಲೇ ಇರುವ ಸಂಗತಿ ಇದು. ಪಟ್ಟಿ ಇದ್ದೇ ಇದೆ ಅನ್ನುವುದನ್ನು ಪಾಠ ಹೇಳುತ್ತದೆ, ಅದನ್ನು ಹುಡುಕುವುದು ಎಷ್ಟು ಕಷ್ಟ ಅನ್ನುವುದನ್ನು ಹೇಳುವುದಿಲ್ಲ. ನಾನು ಹೇಳಹೊರಟದ್ದು ಅದನ್ನೇ.

ಬೆಟ್ಟದ ಮೇಲೆ ಕೂತು ಅವಳಿಗೆ ಒಂದು ದೊಡ್ಡ ಸಂಖ್ಯೆ ಹೇಳಿದೆ. ಜಾಗಕ್ಕೆ ಒಪ್ಪುವಂಥದ್ದು. ಎಂಬತ್ನಾಲ್ಕು ಲಕ್ಷ ಜೀವರಾಶಿ ಅನ್ನುವ ಮಾತು ಎಲ್ಲರಿಗೂ ಗೊತ್ತು. ಜೈನರು ಆ 84 ಲಕ್ಷವನ್ನೇ ಏಣಿ ಮಾಡಿಕೊಂಡು ಕಾಲ ಅಳೆದರು. 84 ಲಕ್ಷ ವರ್ಷಕ್ಕೆ ಒಂದು ಪೂರ್ವಾಂಗ, 84 ಲಕ್ಷ ಪೂರ್ವಾಂಗಕ್ಕೆ ಒಂದು ಪೂರ್ವ. ಹೀಗೆ ಗುಣಿಸುತ್ತಾ ಇಪ್ಪತ್ತೆಂಟನೇ ಮೆಟ್ಟಿಲಲ್ಲಿ ಸಿಗುವುದು ಶೀರ್ಷಪ್ರಹೇಳಿಕಾ. ಇದು ಶ್ವೇತಾಂಬರರ ಅನುಯೋಗದ್ವಾರ ಸೂತ್ರದ ಲೆಕ್ಕ. ದಿಗಂಬರರ ಏಣಿ ಕೊಂಚ ಬೇರೆ, ಆದರೆ 84 ಅಲ್ಲೂ ಇದೆ. 84 ಲಕ್ಷವನ್ನು 28 ಸಲ ಬರೆದು ಗುಣಿಸಿದರೆ 194 ಅಂಕಿಯ ಸಂಖ್ಯೆ ಬರುತ್ತದೆ: ಮೊದಲು 54 ಅಂಕಿ, ಆಮೇಲೆ 140 ಸೊನ್ನೆ.

"ಇದನ್ನ ಒಡಿ" ಅಂದೆ. ಹುಡುಗಿ ಗಾಬರಿಯಾಗಲಿಲ್ಲ. 84 ಲಕ್ಷ ಒಡೆದರೆ ಸಾಕಲ್ಲ ಅಂದಳು. ಅದು ಏಳು 2, ಒಂದು 3, ಐದು 5, ಒಂದು 7. ಎಲ್ಲವನ್ನೂ 28ರಿಂದ ಗುಣಿಸಿದರೆ ಮುಗಿಯಿತು: 2¹⁹⁶ × 3²⁸ × 5¹⁴⁰ × 7²⁸. ಒಟ್ಟು 392 ಅವಿಭಾಜ್ಯ ತುಂಡುಗಳು, ಬಗೆ ಮಾತ್ರ ನಾಲ್ಕೇ.

ಪಟ್ಟಿ ಕೈಗೆ ಬಂದಮೇಲೆ ಸಂಖ್ಯೆ ಪೂರ್ತಿ ಬಾಯಿಬಿಡುತ್ತದೆ. ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಚಿಕ್ಕದರಲ್ಲಿ ನೋಡೋಣ. 12 ಅಂದರೆ 2² × 3. ಅದರ ಒಂದು ಭಾಜಕ ಕಟ್ಟಬೇಕಾದರೆ 2ನ್ನು ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು, ಅಂದರೆ ಮೂರು ಆಯ್ಕೆ. 3ಕ್ಕೆ ಎರಡು ಆಯ್ಕೆ. ಮೂರೆರಡ್ಲ ಆರು. ಸರಿಯಾಗಿದೆ: 1, 2, 3, 4, 6, 12. ಅದೇ ರೀತಿ ಶೀರ್ಷಪ್ರಹೇಳಿಕಾಗೆ 197 × 29 × 141 × 29, ಅಂದರೆ 2,33,60,457 ಭಾಜಕಗಳು. ಈ ಉತ್ತರ ಬೆಸ ಸಂಖ್ಯೆ ಅನ್ನುವುದನ್ನು ಗಮನಿಸಿ. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ, 12ರಲ್ಲಿ 2ಕ್ಕೆ 6, 3ಕ್ಕೆ 4 ಇದ್ದಂತೆ. ಒಂಟಿ ಉಳಿದಿದೆ ಎಂದರೆ ಒಂದು ಭಾಜಕ ತನಗೆ ತಾನೇ ಜೋಡಿ, ಅಂದರೆ ಇಡೀ ಸಂಖ್ಯೆ ಪೂರ್ಣವರ್ಗ. ಹೌದು, 84 ಲಕ್ಷದ ಹದಿನಾಲ್ಕನೇ ಘಾತದ ವರ್ಗವೇ ಇದು.

ಎಲ್ಲ 194 ಅಂಕಿಯ ಸಂಖ್ಯೆಗಳೂ ಹೀಗೆ ಸಾಧು ಅಂದುಕೊಳ್ಳಬೇಡಿ. ಹಾರ್ಡಿ ಮತ್ತು ರಾಮಾನುಜನ್ 1917ರಲ್ಲಿ ತೋರಿಸಿಕೊಟ್ಟ ಪ್ರಕಾರ, ಸಂಖ್ಯೆ ಎಷ್ಟು ದೊಡ್ಡದಾದರೂ ಅದರಲ್ಲಿರುವ ಅವಿಭಾಜ್ಯಗಳ ಬಗೆ ಮಾತ್ರ ಬಹಳ ನಿಧಾನವಾಗಿ ಏರುತ್ತದೆ. 194 ಅಂಕಿಯ ಯಾವುದೋ ಒಂದು ಸಂಖ್ಯೆಯನ್ನು ಕಣ್ಣುಮುಚ್ಚಿ ಎತ್ತಿದರೆ ಸುಮಾರು ಆರು ಬಗೆ ಇರುತ್ತವೆ ಅನ್ನುವುದು ಲೆಕ್ಕ. ಶೀರ್ಷಪ್ರಹೇಳಿಕಾದಲ್ಲಿ ನಾಲ್ಕು. ಬಗೆಯ ವಿಷಯದಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಇದರ ತುಂಡುಗಳೆಲ್ಲ ಒಂದಂಕಿಯವು, ಅದಕ್ಕೇ ಸುಲಭ. ಸಾಮಾನ್ಯ ಸಂಖ್ಯೆಯಲ್ಲಿ ಆರರ ಪೈಕಿ ಒಂದೆರಡಾದರೂ ಭಯಂಕರ ಉದ್ದದವು ಇರುತ್ತವೆ, ತೊಂದರೆ ಇರುವುದೆಲ್ಲ ಅವುಗಳದ್ದೇ.

ಇನ್ನು ಚಿಕ್ಕ ಸಂಖ್ಯೆಗೆ ಇಳಿಯೋಣ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಕಾಣುವ ಗುಣಲಬ್ಧಗಳನ್ನು ಕೊಡುತ್ತಾನೆ. ಅದರಲ್ಲೊಂದು 139 × 109 = 15151. ಕಾಗದದ ಮೇಲೆ ಅರ್ಧ ನಿಮಿಷದ ಕೆಲಸ. ಈಗ ಹಾರ ಮಾತ್ರ ಕೊಟ್ಟು ಮಣಿಗಳನ್ನು ಕೇಳಿದರೆ? 139, 109 ಎರಡೂ ಅವಿಭಾಜ್ಯ. 2, 3, 5, 7, 11 ಎಂದು ಒಂದೊಂದರಿಂದಲೇ ಭಾಗಿಸುತ್ತಾ ಬಂದರೆ 109 ಸಿಗುವಾಗ ಇಪ್ಪತ್ತೊಂಬತ್ತನೇ ಪ್ರಯತ್ನ.

ಒಂದು ಅಡ್ಡದಾರಿ ಇದೆ, 17ನೇ ಶತಮಾನದ ಫ್ರೆಂಚ್ ವಕೀಲ ಫರ್ಮಾ ಕಂಡದ್ದು. 15151ರ ವರ್ಗಮೂಲ 123ಕ್ಕಿಂತ ಒಂಚೂರು ಹೆಚ್ಚು. ಮುಂದಿನ ಪೂರ್ಣಸಂಖ್ಯೆ 124, ಅದರ ವರ್ಗ 15376. ಅದರಲ್ಲಿ 15151 ಕಳೆದರೆ 225, ಅದು 15ರ ವರ್ಗ. ಎರಡು ವರ್ಗಗಳ ವ್ಯತ್ಯಾಸ ಸಿಕ್ಕಿದರೆ ಬೀಜಗಣಿತದ ಹಳೆಯ ಸೂತ್ರ ಕೆಲಸಕ್ಕೆ ಬರುತ್ತದೆ: (124 − 15) × (124 + 15), ಅಂದರೆ 109 × 139. ಮೊದಲ ಏಟಿಗೇ ಬಿತ್ತು! ಎರಡು ಅಪವರ್ತನಗಳು ಅಕ್ಕಪಕ್ಕ ಕೂತಿದ್ದರಿಂದ ಹೀಗಾಯಿತು. ಒಂದು ಚಿಕ್ಕದು, ಇನ್ನೊಂದು ಬಲು ದೊಡ್ಡದು ಆಗಿದ್ದರೆ ಈ ದಾರಿ ಸವೆಸಿದಷ್ಟೂ ಮುಗಿಯುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನು ಕಷ್ಟದ ಸಂಖ್ಯೆ. 2ನ್ನು 67 ಸಲ ಬರೆದು ಗುಣಿಸಿ ಒಂದು ಕಳೆಯಿರಿ:

14,75,73,95,25,89,67,64,12,927.

ಇಪ್ಪತ್ತೊಂದು ಅಂಕಿ. ಕೋಟಿ ಕೋಟಿ ಎಂದು ತಡವರಿಸುವ ಬದಲು ಮಹಾವೀರಾಚಾರ್ಯನ ಸ್ಥಾನಗಳ ಹೆಸರಿನಲ್ಲಿ ಹೇಳಬಹುದು. ಅವನು ಏಕ, ದಶ, ಶತದಿಂದ ಮಹಾಕ್ಷೋಭದ ತನಕ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಇಪ್ಪತ್ತೊಂದನೆಯದು ಕ್ಷಿತಿ. ಒಂದು ಕ್ಷಿತಿಗೂ ಮಿಕ್ಕಿದ ಸಂಖ್ಯೆ ಇದು. ಶೀರ್ಷಪ್ರಹೇಳಿಕಾದ ಮುಂದೆ ಧೂಳಿನ ಕಣವೂ ಅಲ್ಲ, ಆದರೆ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರ ಕೈಗೂ ಒಡೆಯಲಿಲ್ಲ.

1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಸಂನ್ಯಾಸಿ ಈ ಜಾತಿಯ (2ರ ಘಾತದಿಂದ ಒಂದು ಕಳೆದ) ಸಂಖ್ಯೆಗಳಲ್ಲಿ ಅವಿಭಾಜ್ಯಗಳು ಯಾವುವು ಎಂದು ಒಂದು ಪಟ್ಟಿ ಕೊಟ್ಟ, ಅದರಲ್ಲಿ 67 ಇತ್ತು. 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾಸ್, ಇದು ಅವಿಭಾಜ್ಯವಲ್ಲ, ಸಂಯುಕ್ತ ಎಂದು ಸಾಧಿಸಿದ. ಹಾಗಾದರೆ ಅಪವರ್ತನ ಏನು? ಅದು ಅವನಿಗೂ ಗೊತ್ತಿರಲಿಲ್ಲ.

ಇಲ್ಲಿ ಹುಡುಗಿ ನನ್ನನ್ನು ತಡೆದಳು. "ಒಡೆಯದೇ ಇದು ಒಡೆಯುತ್ತೆ ಅಂತ ಹೇಗೆ ಹೇಳ್ತಾರೆ?" ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ ಅಂತ ನನಗೂ ಅನ್ನಿಸಿದ್ದುಂಟು.

ನರ್ಸರಿಯ 91 ಚೀಲಕ್ಕೇ ಹೋಗೋಣ. 7 × 13 ಎಂಬುದನ್ನು ಮರೆತುಬಿಡಿ. ಫರ್ಮಾ ಕಂಡ ಇನ್ನೊಂದು ನಿಯಮ ಹೀಗಿದೆ: ಒಂದು ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ, ಬಂದದ್ದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರಲೇಬೇಕು (2 ಒಂದನ್ನು ಬಿಟ್ಟು). 7ರಲ್ಲಿ ನೋಡಿ: 2⁶ ಅಂದರೆ 64, ಏಳೊಂಬತ್ಲ 63, ಶೇಷ 1. ಸರಿ. ಈಗ 91. 2⁹⁰ ದೊಡ್ಡದೇ, ಆದರೆ ನಮಗೆ ಬೇಕಾದ್ದು ಶೇಷ ಮಾತ್ರ. ಇಂದು ಸೋಮವಾರವಾದರೆ ಸಾವಿರ ದಿನದ ನಂತರ ಯಾವ ವಾರ ಎಂದು ಕೇಳಿದಾಗ ಸಾವಿರ ದಿನ ಎಣಿಸುತ್ತೇವೆಯೇ, ಏಳರ ಕಂತುಗಳನ್ನು ಎಸೆಯುತ್ತೇವೆ. ಇಲ್ಲೂ ಹಾಗೇ. 2¹² ಅಂದರೆ 4096; 91 × 45 = 4095; ಶೇಷ 1. ಅಂದಮೇಲೆ ಹನ್ನೆರಡರ ಕಂತುಗಳನ್ನೆಲ್ಲ ಎಸೆಯಬಹುದು. 90ರಲ್ಲಿ ಏಳು ಕಂತು ಹೋಗಿ 6 ಉಳಿಯಿತು. 2⁶ = 64. ಶೇಷ 64, 1 ಅಲ್ಲ. 91 ಅವಿಭಾಜ್ಯವಾಗಿದ್ದರೆ ಹೀಗಾಗುವಂತಿಲ್ಲ. ಆದ್ದರಿಂದ ಸಂಯುಕ್ತ. ಈ ಲೆಕ್ಕದಲ್ಲಿ 7 ಎಲ್ಲೂ ಬರಲಿಲ್ಲ, 13 ಎಲ್ಲೂ ಬರಲಿಲ್ಲ.

ಕಳ್ಳತನ ಆಗಿದೆ ಎಂದು ಗೊತ್ತು, ಕಳ್ಳ ಯಾರೆಂದು ಗೊತ್ತಿಲ್ಲ ಅನ್ನುವ ಸ್ಥಿತಿ. 2 ಇಲ್ಲಿ ಸಾಕ್ಷಿ. ಎಲ್ಲ ಸಾಕ್ಷಿಗಳೂ ನೆಚ್ಚಿಕೆಯವಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಇದೇ 91ಕ್ಕೆ 3ನ್ನು ಕರೆದರೆ ಅದು ಸುಳ್ಳು ಹೇಳುತ್ತದೆ: 3⁶ = 729, 91 × 8 = 728, ಶೇಷ 1; 90ರಲ್ಲಿ ಆರರ ಕಂತು ಸರಿಯಾಗಿ ಹದಿನೈದು, ಕೊನೆಯ ಶೇಷವೂ 1. 3ರ ಮಾತು ನಂಬಿದ್ದರೆ 91 ಅವಿಭಾಜ್ಯವೇನೋ ಅನ್ನಿಸುತ್ತಿತ್ತು. 561 (3 × 11 × 17) ಇನ್ನೂ ಚಾಲಾಕಿ. ತನ್ನ ಅಪವರ್ತನವನ್ನು ಹಂಚಿಕೊಳ್ಳದ ಎಲ್ಲ ಸಾಕ್ಷಿಗಳ ಬಾಯಲ್ಲೂ ಸುಳ್ಳು ಹೇಳಿಸುತ್ತದೆ. ಇಂಥವನ್ನು ಹಿಡಿಯಲು ಪರೀಕ್ಷೆಯನ್ನು ಬಿಗಿ ಮಾಡುತ್ತಾ ಬಂದರು. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಮೂವರು ಎಂದೂ ಮೋಸಹೋಗದ, ಸಂಖ್ಯೆ ಉದ್ದವಾದಂತೆ ಸಮಯ ಹದ್ದುಮೀರದ ಪರೀಕ್ಷೆ ಕೊಟ್ಟರು.

ಲ್ಯೂಕಾಸ್ ಬಳಸಿದ ಪರೀಕ್ಷೆ ಬೇರೆ, ಜಾತಿ ಇದೇ. ಇಪ್ಪತ್ತೊಂದು ಅಂಕಿಯ ಸಂಖ್ಯೆಗೂ ವರ್ಗ ಮಾಡಿ ಶೇಷ ತೆಗೆಯುವ ಕೆಲಸ ಎಪ್ಪತ್ತು ಸಲದೊಳಗೆ ಮುಗಿಯುತ್ತದೆ. ಬೇಜಾರಿನ ಕೆಲಸ, ಆದರೆ ಮನುಷ್ಯನ ಕೈಲಾಗುವುದು.

ಅಪವರ್ತನ ಹುಡುಕುವುದು ಬೇರೆಯದೇ ಶ್ರಮ. ನಮ್ಮ ಕ್ಷಿತಿ ಸಂಖ್ಯೆಯ ವರ್ಗಮೂಲ ಸುಮಾರು 1,215 ಕೋಟಿ. ಅಲ್ಲಿಯವರೆಗಿನ ಎಲ್ಲದರಿಂದ ಭಾಗಿಸಿ ನೋಡಲು ಜನ್ಮ ಸಾಲದು. ಅದೃಷ್ಟಕ್ಕೆ ಈ ಜಾತಿಗೆ ಒಂದು ಕುಲಲಕ್ಷಣ ಇದೆ. 2¹¹ − 1 ಅಂದರೆ 2047, ಅದು 23 × 89. 23 ಅಂದರೆ 22 + 1. 89 ಅಂದರೆ 22ರ ನಾಲ್ಕರಷ್ಟು + 1. ಘಾತ 11 ಆದರೆ ಅಪವರ್ತನಗಳೆಲ್ಲ 22ರ ಮಗ್ಗಿಗೆ ಒಂದು ಸೇರಿಸಿದವೇ. ಘಾತ 67 ಆದರೆ 134ರ ಮಗ್ಗಿಗೆ ಒಂದು ಸೇರಿಸಿದವು. ಹಾಗಾಗಿ 135, 269, 403 ಎಂದು 134 ಬಿಟ್ಟು 134 ಹಾರುತ್ತಾ ಹೋದರೆ ಸಾಕು. ಅಸಲಿ ಅಪವರ್ತನ ಈ ಮಗ್ಗಿಯ 14,45,580ನೇ ಮನೆಯಲ್ಲಿ ಕೂತಿತ್ತು! ನಿಮಿಷಕ್ಕೊಂದು ಭಾಗಾಕಾರದಂತೆ ಹಗಲೂ ರಾತ್ರಿ ಮಾಡಿದರೂ ಸಾವಿರ ದಿನ ದಾಟುತ್ತದೆ.

ಅಮೆರಿಕದ ಫ್ರ್ಯಾಂಕ್ ನೆಲ್ಸನ್ ಕೋಲ್ ವರ್ಗಶೇಷಗಳ (ವರ್ಗಸಂಖ್ಯೆಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳ) ಯುಕ್ತಿಯಿಂದ ಈ ಮನೆಗಳನ್ನು ಇನ್ನಷ್ಟು ಜರಡಿ ಹಿಡಿದು ಉತ್ತರ ಕಂಡ. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆ. ಕೋಲ್ ಎದ್ದು ಹೋಗಿ ಬೋರ್ಡಿನ ಒಂದು ಕಡೆ 2⁶⁷ − 1 ಬಿಡಿಸಿ ಬರೆದ. ಇನ್ನೊಂದು ಕಡೆ 193707721 × 761838257287 ಇಟ್ಟು ಉದ್ದ ಗುಣಾಕಾರ ಮಾಡಿದ. ಎರಡೂ ಒಂದೇ ಬಂತು. ತುಟಿ ಬಿಚ್ಚದೆ ಬಂದು ಕೂತ ಅನ್ನುವುದು ಗಣಿತದವರು ಹೇಳಿಕೊಳ್ಳುವ ಕಥೆ. ಎಷ್ಟು ದಿನ ಹಿಡಿಯಿತು ಅಂದಾಗ 'ಮೂರು ವರ್ಷದ ಭಾನುವಾರಗಳು' ಅಂದನಂತೆ. ಕಥೆಗೆ ಕೈಕಾಲು ಮೂಡಿರಬಹುದು. ಗುಣಾಕಾರಕ್ಕೆ ಮಾತ್ರ ಯಾರ ಸಾಕ್ಷಿಯೂ ಬೇಡ.

ಇವತ್ತು ನನ್ನ ಮೊಬೈಲೂ ಈ ಸಂಖ್ಯೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುತ್ತದೆ. ಹಾಗಂತ ಕಷ್ಟ ತೀರಿಲ್ಲ, ಮುಂದಕ್ಕೆ ಸರಿದಿದೆ ಅಷ್ಟೇ. 2ನ್ನು 10,48,576 ಸಲ ಬರೆದು ಗುಣಿಸಿ ಒಂದು ಸೇರಿಸಿದರೆ ಇಪ್ಪತ್ತನೇ ಫರ್ಮಾ ಸಂಖ್ಯೆ. 3,15,653 ಅಂಕಿ, ಪುಟಕ್ಕೆ ಮೂರು ಸಾವಿರ ಅಂಕಿಯಂತೆ ಅಚ್ಚುಹಾಕಿದರೆ 106 ಪುಟದ ಪುಸ್ತಕ. ಇದು ಸಂಯುಕ್ತ ಎಂದು 1980ರ ದಶಕದಲ್ಲೇ ಕಂಪ್ಯೂಟರಿನಿಂದ ಸಾಬೀತಾಗಿದೆ. ಅದರ ಒಂದೇ ಒಂದು ಅಪವರ್ತನ ಯಾರಿಗೂ ಸಿಕ್ಕಿಲ್ಲ.

ಈ ಅಂತರವನ್ನೇ ಬಂಡವಾಳ ಮಾಡಿಕೊಂಡವರು ರಿವೆಸ್ಟ್, ಶಮೀರ್, ಏಡಲ್‌ಮನ್. ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಅನ್ನುವುದಾದರೆ ಗುಣಲಬ್ಧವನ್ನು ಊರಿಗೆಲ್ಲ ಹಂಚಿ, ಅಪವರ್ತನಗಳನ್ನು ಮಾತ್ರ ಒಳಗಿಟ್ಟುಕೊಂಡರೆ ಬೀಗವಾಯಿತಲ್ಲ. ಬೀಗ ಹಾಕುವುದು ಯಾರಿಂದಲೂ ಸಾಧ್ಯ, ತೆಗೆಯುವುದು ಒಬ್ಬರಿಂದ. 1977ರಲ್ಲಿ ಬಂದ ಈ ಆರ್‌ಎಸ್‌ಎ (ಮೂವರ ಹೆಸರಿನ ಮೊದಲಕ್ಷರಗಳು) ವಿಧಾನ ಇಂದಿಗೂ ಎಷ್ಟೋ ಜಾಲತಾಣಗಳ ಬೀಗದ ಗುರುತಿನ ಹಿಂದೆ, ಎಷ್ಟೋ ಡಿಜಿಟಲ್ ಸಹಿಗಳ ಹಿಂದೆ ಕೆಲಸ ಮಾಡುತ್ತಿದೆ. ಇಲ್ಲಿ ಸಂಖ್ಯೆ ದೊಡ್ಡದಿದ್ದರೆ ಸಾಲದು. ಶೀರ್ಷಪ್ರಹೇಳಿಕಾ ಬೀಗವಾಗದು, ತುಂಡುಗಳು ಪುಡಿಪುಡಿ. 15151ರಂತೆ ಎರಡು ಅವಿಭಾಜ್ಯಗಳು ತೀರಾ ಅಕ್ಕಪಕ್ಕ ಇದ್ದರೂ ಆಗದು, ಫರ್ಮಾನ ಅಡ್ಡದಾರಿಗೆ ಸಿಕ್ಕಿಬೀಳುತ್ತದೆ. ಎರಡೇ ತುಂಡು, ಎರಡೂ ಉದ್ದ, ನಡುವೆ ಸಾಕಷ್ಟು ದೂರ ಇರಬೇಕು.

ಆ ವರ್ಷವೇ ಸವಾಲಿಗೆಂದು 129 ಅಂಕಿಯ ಸಂಖ್ಯೆಯೊಂದನ್ನು ನೂರು ಡಾಲರ್ ಬಹುಮಾನದೊಂದಿಗೆ ಪ್ರಕಟಿಸಿದರು, ಒಡೆಯಲು ಕೋಟಿ ಕೋಟಿ ವರ್ಷ ಬೇಕು ಎಂಬ ಅಂದಾಜಿನ ಸಮೇತ. ಹದಿನೇಳೇ ವರ್ಷಕ್ಕೆ, 1994ರ ಏಪ್ರಿಲಿನಲ್ಲಿ, ಸುಮಾರು ಆರುನೂರು ಸ್ವಯಂಸೇವಕರು ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಕೆಲಸ ಹಂಚಿಕೊಂಡು ಒಡೆದರು. ಆ ಸಂಖ್ಯೆಯ ಬೀಗ ಹಾಕಿ ಒಳಗಿಟ್ಟಿದ್ದ ಸಂದೇಶ, ಹೇಸಿಗೆಪಡುವ ಮೂಳೆಹದ್ದಿನ ಬಗ್ಗೆ ಒಂದು ತಲೆಬುಡವಿಲ್ಲದ ವಾಕ್ಯ! ಯಂತ್ರದ ವೇಗಕ್ಕಿಂತ ಯುಕ್ತಿ ಬೆಳೆದದ್ದೇ ಅಂದಾಜು ತಲೆಕೆಳಗಾಗಲು ಹೆಚ್ಚು ಕಾರಣ. 250 ಅಂಕಿಯದು 2020ರ ಫೆಬ್ರವರಿಯಲ್ಲಿ ಬಿತ್ತು. 617 ಅಂಕಿಯ ಆರ್‌ಎಸ್‌ಎ-2048ಕ್ಕೆ ಎರಡು ಲಕ್ಷ ಡಾಲರ್ ಇಟ್ಟಿದ್ದರು. 2007ರಲ್ಲಿ ಸ್ಪರ್ಧೆಯನ್ನೇ ನಿಲ್ಲಿಸಿದರು, ಸಂಖ್ಯೆ ಹಾಗೇ ನಿಂತಿದೆ. ಕ್ವಾಂಟಮ್ ಕಂಪ್ಯೂಟರ್ ದೊಡ್ಡದಾಗಿ ಬಂದರೆ ಈ ಬೀಗ ಉಳಿಯದು ಅನ್ನುವುದನ್ನು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅದು ಬೇರೆಯೇ ಪುರಾಣ.

ಹಾಸನಕ್ಕೆ ವಾಪಸಾದ ಮೇಲೆ ಹುಡುಗಿಗೆ ಕೋಲನ ಬೋರ್ಡಿನ ಲೆಕ್ಕವನ್ನು ತಾನೂ ಮಾಡಿ ನೋಡುವ ಹಟ ಬಂತು. ಮೊಬೈಲು ಬೇಡ, ಪೆನ್ನಿನಲ್ಲೇ. ನೋಟ್‌ಬುಕ್ಕನ್ನು ಅಡ್ಡ ತಿರುಗಿಸಿ ಜಗಲಿಯಲ್ಲಿ ಕೂತಳು. ಮುಗಿದಮೇಲೆ ಒಂಬತ್ತರ ತಾಳೆ ನೋಡು ಅಂದೆ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 37, ಮತ್ತೆ ಕೂಡಿಸಿದರೆ 10, ಮತ್ತೆ 1. ಎರಡನೆಯದು 64, ಅದೂ 1. ಹಾಗಾಗಿ ಉತ್ತರದ್ದೂ 1 ಬರಬೇಕು. ಬಂತು. ಕೊನೆಯ ಮೂರಂಕಿ 927, ಅದೂ ಸರಿ. ಎಣಿಸಿದರೆ ಮಾತ್ರ ಇಪ್ಪತ್ತೇ ಅಂಕಿ, ಶುರುವಿನಲ್ಲಿ 1475 ಇರಬೇಕಾದಲ್ಲಿ 1476.

ಇಬ್ಬರೂ ಸಾಲು ಸಾಲಾಗಿ ಹುಡುಕಿದೆವು. 193707721ರ ನಡುವೆ ಒಂದು ಸೊನ್ನೆ ಇದೆ. ಸೊನ್ನೆಯಿಂದ ಗುಣಿಸುವುದೇನು ಎಂದು ಆ ಸಾಲು ಬಿಟ್ಟಿದ್ದಳು, ಮುಂದಿನ ಸಾಲನ್ನು ಒಂದು ಮನೆ ಎಡಕ್ಕೆ ಜರುಗಿಸುವುದನ್ನೂ ಬಿಟ್ಟಿದ್ದಳು. ಹತ್ತರಿಂದ ಗುಣಿಸಿದರೂ ಅಂಕಿಗಳ ಮೊತ್ತ ಬದಲಾಗುವುದಿಲ್ಲವಾದ್ದರಿಂದ ಮನೆ ತಪ್ಪಿದ್ದು ಒಂಬತ್ತರ ತಾಳೆಗೆ ಕಾಣುವುದೇ ಇಲ್ಲ. 91ರ ವಿಷಯದಲ್ಲಿ 3 ಮಾಡಿದ್ದೂ ಇದೇ ಅಲ್ಲವಾ ದೊಡ್ಡಪ್ಪ ಅಂತ ಕೇಳುತ್ತಲೇ ಹೊಸ ಹಾಳೆ ತೆಗೆದಳು. ಎರಡನೇ ಸಲ ಇಪ್ಪತ್ತೊಂದು ಅಂಕಿ ಬಂತು. ಎರಡೂ ಸೇರಿ ಐವತ್ತು ನಿಮಿಷ ಹಿಡಿಯಿತು, ನನ್ನ ಕಾಫಿ ಆರಿಹೋಗಿತ್ತು.